ಗೋಪಮ್ಮನ ಕಟ್ಟಿ

ಕಾಗದವಿಲ್ಲದೆ ನಾನು ಯಾರ ಕೆಲಸವನ್ನೂ ಮಾಡಿಕೊಟ್ಟವನಲ್ಲ. ದೇವದುರ್ಗದ ಸರ್ಕಾರಿ ಕಚೇರಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತನಾಗಿದ್ದೇನೆ. ಮೂರು ಹಳ್ಳಿ ದಾಟಿ ಬಂದ ಮುದುಕನಾದರೂ ಸರಿ, ಒಂದು ಸಹಿ ಕಡಿಮೆಯಿದ್ದರೆ ನಾಳೆ ಬಾ ಎಂದು ಕಳಿಸಿದ್ದೇನೆ. ಬೆನ್ನ ಹಿಂದೆ ನನ್ನನ್ನು ಕಾಗದದ ಸಂಜೀವ ಅನ್ನುತ್ತಾರೆಂದು ಗೊತ್ತು. ಅನ್ನಲಿ ಬಿಡಿ. ಲಂಚ ಮುಟ್ಟಿಲ್ಲ, ಸುಳ್ಳು ಬರೆದಿಲ್ಲ ಅನ್ನುವ ಜಂಬ ನನಗಿತ್ತು. ಆ ಜಂಬದ ಭಾರ ಯಾರ ಮೇಲೆ ಬಿತ್ತು ಅನ್ನುವುದನ್ನು ಈಗ ಹೇಳುತ್ತೇನೆ.

ಕಳೆದ ವರ್ಷ ರಾಯಚೂರಿನಲ್ಲಿ ಒಂದು ಹಳೆಯ ಮನೆ ಕೊಂಡೆವು. ಬಾಗಿಲು ತೆರೆದರೆ ಎದುರಿಗೇ ಕೋಟೆಯ ಗೋಡೆ. ನನ್ನ ಹೆಂಡತಿ ಕಲ್ಯಾಣಿ ಸೋರುವ ಅಡುಗೆಮನೆ ನೋಡಿ ಮುಖ ಸಿಂಡರಿಸಿದಳು. ನನ್ನವ್ವ ಗೋಪಮ್ಮ ಒಳಗೇ ಬರಲಿಲ್ಲ. ಹೊರಗೆ ನಿಂತು ಎಡಕ್ಕೂ ಬಲಕ್ಕೂ ನೋಡಿ, ಕಟ್ಟೆ ಎಲ್ಲಿ ಎಂದು ಕೇಳಿದಳು. ಓಣಿಯ ಎಲ್ಲ ಮನೆಗಳ ಮುಂದೂ ಕೂರಲು ಕಟ್ಟೆಯಿತ್ತು. ನಮ್ಮದನ್ನು ಮಾತ್ರ ಯಾವಾಗಲೋ ಚರಂಡಿ ಮಾಡುವಾಗ ಒಡೆದಿದ್ದರಂತೆ.

ಅವ್ವ ಕೇಳಿದ್ದಕ್ಕೆ ಕಾರಣವಿತ್ತು. ನಾವು ಮಾನ್ವಿ ತಾಲೂಕಿನ ಮಲ್ಲಟದವರು. ಅಪ್ಪ ತಾಯಣ್ಣ ಅಲ್ಲಿ ಕಲ್ಲು ಹೊತ್ತು, ಕಲ್ಲು ಹಾಸಿ ಬದುಕಿದವನು. ನಾನು ಮೊಲೆಗೂಸಾಗಿದ್ದಾಗ ದೊಡ್ಡ ಮನೆಯೊಂದಕ್ಕೆ ಕಟ್ಟೆ ಕಟ್ಟಿದರು. ಅಪ್ಪ ಕಲ್ಲು ಹಾಸುತ್ತಿದ್ದರೆ ಅವ್ವ ನೀರು ಹೊರುತ್ತಿದ್ದಳು. ಮುಗಿದ ದಿನ ಮಧ್ಯಾಹ್ನ, ನಾನು ಅಳುತ್ತೇನೆಂದು ಅದೇ ಕಟ್ಟೆಯ ಅಂಚಿಗೆ ಕೂತು ಹಾಲು ಕುಡಿಸಿದಳಂತೆ. ಯಜಮಾನ ಕೆಮ್ಮುತ್ತ ಹೊರಗೆ ಬಂದ. ಅವ್ವ ಧಡಕ್ಕನೆ ಎದ್ದಳು. ಅವನು ಆಳನ್ನು ಕರೆದು ಕಟ್ಟೆಯನ್ನು ಎರಡು ಕೊಡ ನೀರು ಹಾಕಿ ತೊಳೆಸಿದ, ಅಷ್ಟೆ. ಅಪ್ಪ ಆವತ್ತಿನ ಕೂಲಿ ಬೇಡವೆಂದು, ಉಳಿದಿದ್ದ ಒಂದು ಹಾಸುಗಲ್ಲನ್ನು ಕೇಳಿ ಪಡೆದು ತಲೆಯ ಮೇಲೆ ಹೊತ್ತು ತಂದ.

ಆ ಕಲ್ಲು ನಮ್ಮ ಗುಡಿಸಲಿಗೆ ಒರಗಿಕೊಂಡು ನಲವತ್ತು ವರ್ಷ ನಿಂತಿತ್ತು. ಗುಡಿಸಲಿನ ಜಾಗ ನಮ್ಮ ಹೆಸರಿನಲ್ಲಿರಲಿಲ್ಲ. ನಮ್ಮ ಹೆಸರಿನ ಜಾಗ ಆದಾಗ ಹಾಕೋಣ ಅನ್ನುತ್ತಲೇ ಅಪ್ಪ ತೀರಿಕೊಂಡ. ಕಾಗದದ ಹುಚ್ಚು ನನಗೆ ಅವನಿಂದಲೇ ಬಂದದ್ದಿರಬೇಕು. ಮನೆಯ ನೋಂದಣಿ ಆದ ವಾರವೇ ಅವ್ವ ಟೆಂಪೊದಲ್ಲಿ ಪಾತ್ರೆಪಗಡೆಗಿಂತ ಮೊದಲು ಆ ಕಲ್ಲನ್ನು ಹತ್ತಿಸಿದಳು. ತಂದು ಹೊಸ ಮನೆಯ ಬಾಗಿಲ ಪಕ್ಕ ಗೋಡೆಗೆ ಒರಗಿಸಿಟ್ಟೆವು.

ಪಕ್ಕದ ಮನೆಯ ಸರ್ವರಿ ಬೇಗಂ ಅವರ ಮಗ ಜಹೀರುದ್ದೀನ್ ಗೌಂಡಿ ಕೆಲಸದವನು. ಓಣಿಯ ತುದಿಯಲ್ಲೇ ಒಂದು ದೊಡ್ಡ ಮನೆಯ ಕೆಲಸ ಹಿಡಿದಿದ್ದ. ಬಿಡುವು ಮಾಡಿಕೊಂಡು ಬಂದು ಬಾಗಿಲ ಪಕ್ಕ ಒಂದು ಗೇಣು ಪಾಯ ತೋಡಿದ್ದ, ಅಷ್ಟರಲ್ಲಿ ಕೋಟೆ ನೋಡಿಕೊಳ್ಳುವ ಇಲಾಖೆಯವರು ಬಂದು ನಿಲ್ಲಿಸಿದರು. ಕೋಟೆ ಗೋಡೆಯಿಂದ ನೂರು ಮೀಟರಿನೊಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ಮನೆಯ ಹೊರಮೈ ಮುಟ್ಟಬೇಕಾದರೆ ಅನುಮತಿ ಬೇಕು ಎಂದು ನೋಟಿಸು ಕೊಟ್ಟರು. ನನಗೆ ಸಿಟ್ಟು ಬರಲಿಲ್ಲ. ನಿಯಮ ನಿಯಮವೇ. ಅರ್ಜಿ ಬರೆಯಲು ಕೂತೆ.

ಹಿಂದೆ ಕಟ್ಟೆ ಇತ್ತಲ್ಲ, ದುರಸ್ತಿ ಅಂತ ಬರೆಯಿರಿ, ದುರಸ್ತಿಗಾದರೆ ಕೊಡುತ್ತಾರೆ ಎಂದು ಜಹೀರುದ್ದೀನ್ ಹೇಳಿಕೊಟ್ಟ. ಸುಳ್ಳೇನೂ ಆಗುತ್ತಿರಲಿಲ್ಲ. ಆದರೆ ಪೆನ್ನು ಹಿಡಿದವನಿಗೆ ಅಪ್ಪ ನೆನಪಾದ. ಜೀವಮಾನವಿಡೀ ಅವನು ಮಂದಿಯ ಮನೆಗೇ ಕಲ್ಲು ಹಾಸಿದ. ನಮ್ಮ ವಂಶದ ಮೊದಲನೆಯ ಕಟ್ಟೆಯನ್ನು ಯಾರದೋ ಒಡೆದ ಕಟ್ಟೆಯ ದುರಸ್ತಿ ಅಂತ ಬರೆಯಲು ಕೈ ಬರಲಿಲ್ಲ. ‘ಹೊಸ ಕಟ್ಟೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಗುಮಾಸ್ತನಾದವನು ಮಾಡಬಾರದ ಕೆಲಸ ಅದು. ಆ ಗೆರೆಯನ್ನು ಈಗಲೂ ಕಣ್ಣ ಮುಂದೆ ಕಾಣುತ್ತೇನೆ.

ಅರ್ಜಿ ಕೊಟ್ಟ ದಿನ ಸಂಜೆ ಅವ್ವ ಹತ್ತಿರ ಬಂದಳು.

“ಮಗಾ, ಈ ನೆಲ ಅಗಿಯೋದು, ಸಿಮೆಂಟು ಯಾವ್ದೂ ಬ್ಯಾಡ. ನಾಕು ಇಟ್ಟಂಗಿ ಇಟ್ಟು ಮ್ಯಾಲ ಕಲ್ಲು ಹಾಕು. ಬ್ಯಾಡಂದ್ರ ತೆಗೆದಿಟ್ರಾತು. ನಾ ಏನು ಇನ್ನೊಂದು ಕ್ವಾಟಿ ಕಟ್ಟಾಕತ್ತೀನೇನು?”

“ಬ್ಯಾಡ ಯವ್ವಾ,” ಅಂದೆ. “ನಮ್ಮ ಮನಿ ಮುಂದ ನಾವು ಕದ್ದು ಕುಂದ್ರೋದು ಬ್ಯಾಡ. ಕಾಗದ ತಂದು, ಗಟ್ಟಿ ಮಾಡಿ, ನಾನಾ ಕೈ ಹಿಡಿದು ಕುಂದ್ರಸ್ತೀನಿ. ಅಲ್ಲೀತನ ಆ ಕಲ್ಲು ಮುಟ್ಟಬ್ಯಾಡ.”

ಅವ್ವ ಹೂಂ ಅಂದಳು. ದೊಡ್ಡ ಮನೆಯವರು ಹೇಳಿದ್ದಕ್ಕೆ ಮಲ್ಲಟದಲ್ಲಿ ಅನ್ನುತ್ತಿದ್ದ ಹಾಗೆಯೇ ಅಂದಳು. ನನಗದು ಆಗ ಹೊಳೆಯಲಿಲ್ಲ.

ತಿಂಗಳ ಮೇಲೆ ತಿಂಗಳು ಉರುಳಿತು. ನಕ್ಷೆ ತಾ ಅಂದರು, ಕೊಟ್ಟೆ. ಅಳತೆ ತಾ ಅಂದರು, ಕೊಟ್ಟೆ. ಊರ ಮಂದಿಯನ್ನು ತಿರುಗಿಸಿದವನು ನಾನೇ ತಿರುಗಿದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಕಲ್ಯಾಣಿ ನಕ್ಕಳು. ಸರ್ವರಿ ಬೇಗಂ ತಮ್ಮ ಕಟ್ಟೆಗೆ ಅವ್ವನನ್ನು ದಿನಾ ಕರೆಯುತ್ತಿದ್ದರು. ಅವ್ವ ಹೋಗಿ ಕಟ್ಟೆಯ ಮೇಲೆ ಒಂದು ಕೈಯಿಟ್ಟು ನಿಂತೇ ಮಾತಾಡಿ ಬರುತ್ತಿದ್ದಳು. ಕೋಟೆ ಗೋಡೆಯಲ್ಲಿ ಒಂದು ಭಾರಿ ಉದ್ದನೆಯ ಕಲ್ಲಿದೆ, ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಒಂದು ಭಾನುವಾರ ತೋರಿಸಲು ಕರೆದುಕೊಂಡು ಹೋದೆ. ಅವ್ವ ಬಹಳ ಹೊತ್ತು ನೋಡಿ, ಇಷ್ಟು ದೂರ ಎಳೆದವರು ಆಮೇಲೆ ಎಲ್ಲಿ ಕೂತರಂತೆ ಎಂದು ಕೇಳಿದಳು.

ಆ ದಿನಗಳಲ್ಲಿ ಅವ್ವನಿಗೆ ಒಂದು ಹೊಸ ರೂಢಿ ಶುರುವಾಗಿತ್ತು. ಬೆಳಿಗ್ಗೆ ಏಳರ ಬಸ್ಸಿಗೆ ನಾನು ಚಪ್ಪಲಿ ಮೆಟ್ಟುವಾಗ ತಪ್ಪದೆ ಕೇಳುತ್ತಿದ್ದಳು: “ಇವತ್ತು ಯಾವ ಬಸ್ಸಿಗೆ ಬರ್ತಿ?” ವಯಸ್ಸಾಯಿತು, ಮಗನ ದಾರಿ ಕಾಯುತ್ತಾಳೆ ಎಂದು ನನ್ನ ಎದೆ ಉಬ್ಬುತ್ತಿತ್ತು. ಐದೂವರೆಯದಕ್ಕೆ ಎಂದು ಹೇಳಿ ಹೋಗುತ್ತಿದ್ದೆ. ಒಂದು ಶನಿವಾರ ಮಾತ್ರ ಜ್ವರ ಬಂದು ಹೇಳದೆ ಕೇಳದೆ ಮಧ್ಯಾಹ್ನವೇ ಬಂದೆ. ಅವ್ವ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು. ಕಲ್ಲು ಗೋಡೆಗೆ ಒರಗಿರದೆ ಮಲಗಿತ್ತು. ತೊಳೆಯಾಕತ್ತಿದ್ವಿ ಎಂದು ಕಲ್ಯಾಣಿ ಹೇಳಿದಳು. ಕಲ್ಲು ಒಣಗಿಯೇ ಇತ್ತು. ಜ್ವರದಲ್ಲಿ ನಾನು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ.

ಏಳನೆಯ ತಿಂಗಳಿಗೆ ಉತ್ತರ ಬಂತು. ಕೋರಿದ್ದು ಹೊಸ ನಿರ್ಮಾಣವೆಂದು ಅರ್ಜಿದಾರರೇ ಹೇಳಿರುವುದರಿಂದ ಅವಕಾಶವಿಲ್ಲ. ಅವ್ವನಿಗೆ ಇನ್ನೊಂದು ಸಹಿ ಬಾಕಿಯಿದೆ ಎಂದೆ. ಅದೇ ನಾನು ಅವ್ವನಿಗೆ ಹೇಳಿದ ಮೊದಲ ಸುಳ್ಳು. ಮೇಲ್ಮನವಿ ಬರೆಯೋಣವೆಂದು ಮರುದಿನ ಕಚೇರಿಗೆ ಬೇಗ ಹೋಗಿ ಕರಡು ಬರೆಯುತ್ತಿದ್ದೆ. ಹನ್ನೊಂದರ ಹೊತ್ತಿಗೆ ಜಹೀರುದ್ದೀನ್ ಫೋನು ಮಾಡಿದ. ಅವನ ದನಿಯಲ್ಲೇ ನನಗೆ ಗೊತ್ತಾಯಿತು.

ಊರಿಗೆ ಹೊರಟ ಬಸ್ಸು ದಾರಿಯ ಗಬ್ಬೂರು ದಾಟಿದ ಮೇಲೂ ಆ ಅರ್ಧ ಬರೆದ ಹಾಳೆ ನನ್ನ ಕೈಯಲ್ಲೇ ಇತ್ತು.

ಓಣಿಗೆ ಬಂದಾಗ ಮಂದಿ ದಾರಿ ಬಿಟ್ಟರು. ಬಾಗಿಲ ಪಕ್ಕ ನಾಲ್ಕು ಇಟ್ಟಿಗೆ, ಇಟ್ಟಿಗೆಯ ಮೇಲೆ ಅಪ್ಪನ ಕಲ್ಲು, ಕಲ್ಲಿನ ಮೇಲೆ ಅವ್ವ. ಬೆನ್ನು ಗೋಡೆಗೆ ಆನಿತ್ತು. ನಮ್ಮ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಮನೆಮುಂದೆ ಗೋಡೆಗೆ ಆನಿಸಿ ಕೂರಿಸುತ್ತೇವೆ. ಹಾಗೇ ಕೂರಿಸಿದ್ದಾರೆ ಅಂದುಕೊಂಡೆ. ಏಳು ತಿಂಗಳಲ್ಲಿ ನಾನು ಮಾಡಿಕೊಡದ್ದನ್ನು ಹೆಣಕ್ಕಾಗಿ ಹತ್ತು ನಿಮಿಷದಲ್ಲಿ ಮಾಡಿದರಲ್ಲ ಎಂದು, ಅಳುವಿಗಿಂತ ಮೊದಲು ಸಿಟ್ಟು ಬಂತು. ಯಾರು ಕೂರಿಸಿದ್ದು ಎಂದು ಜಹೀರುದ್ದೀನನನ್ನು ಕೇಳಿದೆ.

“ಯಾರೂ ಕುಂದ್ರಸಿಲ್ಲ ಅಣ್ಣಾ,” ಅವನು ನೆಲ ನೋಡಿಕೊಂಡು ಹೇಳಿದ. “ಅವರಾ ಕುಂತಿದ್ರು. ದಿನಾ ಕುಂದರ್ತಿದ್ರು.”

ಉಳಿದದ್ದನ್ನು ತಡವರಿಸುತ್ತ ಹೇಳಿದ. ನಾನು ಏಳರ ಬಸ್ಸಿಗೆ ಹೋದ ಮೇಲೆ ಅವನೂ ಕಲ್ಯಾಣಿಯೂ ಕಲ್ಲು ಇಳಿಸಿ ಇಟ್ಟಿಗೆಯ ಮೇಲೆ ಇಡುತ್ತಿದ್ದರು. ಸಂಜೆ ನನ್ನ ಬಸ್ಸಿನ ಹೊತ್ತಿಗೆ ಎತ್ತಿ ಒರಗಿಸಿ, ಇಟ್ಟಿಗೆಗಳನ್ನು ಬಾಗಿಲ ಹಿಂದೆ ಬಚ್ಚಿಡುತ್ತಿದ್ದರು. ಅವ್ವ ದಿನವಿಡೀ ಅಲ್ಲಿ ಕೂತು, ತಲೆಯ ಮೇಲೆ ಹೊರೆ ಹೊತ್ತು ಹೋಗುವವರನ್ನೆಲ್ಲ ಕರೆದು ಪಕ್ಕಕ್ಕೆ ಕೂರಿಸಿಕೊಂಡು ನೀರು ಕೊಡುತ್ತಿದ್ದಳಂತೆ. ನೋಟಿಸು ಕೊಟ್ಟು ಹೋದವನೇ ಒಮ್ಮೆ ಬಿಸಿಲಿಗೆ ಬಳಲಿ ಬಂದು ಕೂತು ನೀರು ಕುಡಿದು, ಏನೂ ಅನ್ನದೆ ಎದ್ದುಹೋದನಂತೆ. ಇವತ್ತು ಚಹಾ ತಂದ ಸರ್ವರಿ ಬೇಗಂ ಕರೆದಾಗ ಅವ್ವ ಓಗೊಡಲಿಲ್ಲ. ಇಡೀ ಓಣಿಗೆ ಗೊತ್ತಿದ್ದದ್ದು ನನಗೊಬ್ಬನಿಗೇ ಗೊತ್ತಿರಲಿಲ್ಲ.

ಮಲ್ಲಟದಲ್ಲಿ ಅವ್ವ ಕದ್ದು ಕೂತದ್ದು ಒಂದೇ ಒಂದು ಮಧ್ಯಾಹ್ನ. ನನ್ನ ಮನೆಯಲ್ಲಿ ಏಳು ತಿಂಗಳು ಕದ್ದು ಕೂತಳು. ಅಲ್ಲಿ ಯಜಮಾನನ ಕೆಮ್ಮಿಗೆ ಹೆದರಿದ್ದವಳು ಇಲ್ಲಿ ನನ್ನ ಬಸ್ಸಿಗೆ ಹೆದರಿದಳು.

ನನಗೆ ಒಂದು ಮಾತು ಹೇಳಬಾರದಿತ್ತೇ ಎಂದು ಕಲ್ಯಾಣಿಯನ್ನು ಕೇಳಿದೆ. ಅವಳು ಅತ್ತು ಅತ್ತು ದನಿ ಕಳೆದುಕೊಂಡಿದ್ದಳು.

“ಹೇಳಿದ್ರ ನೀವು ಎಬ್ಬಿಸ್ತಿದ್ರಿ,” ಅಂದಳು. “ನೀವು ಬರೋದ್ರಾಗ ಎತ್ತಿ ಒಳಗ ಒಯ್ಯಬೇಕಂತ ಮಾಡಿದ್ವಿ. ಇವತ್ತೊಂದಿನ ಎಬ್ಬಿಸಬ್ಯಾಡ್ರಿ ಅಂದ್ರು ಬೇಗಂ.”

ಎಬ್ಬಿಸುತ್ತಿದ್ದೆ. ಅದು ನಿಜ.

ಕೈಯಲ್ಲಿದ್ದ ಹಾಳೆಯನ್ನು ಮಡಚಿ ಕಿಸೆಗಿಟ್ಟು, ಅವ್ವನ ಇಳಿಬಿಟ್ಟ ಕಾಲಿನ ಹತ್ತಿರ ನೆಲದ ಮೇಲೆ ಕೂತೆ. ಮಧ್ಯಾಹ್ನದ ಎರಡು ಗಂಟೆ ಇರಬೇಕು, ಐದೂವರೆಯ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಹೇಳದೆ ಕೇಳದೆ ಬಂದಿದ್ದೆ. ಅವ್ವ ಏಳಲಿಲ್ಲ.