ಮನಸ್ಸಿನ ಹಾಜರಿ

2004ರಲ್ಲಿ ಎರಡು ದಿನದ ಟ್ರೈನಿಂಗ್ ಮುಗಿಸಿ ಬಂದ ನಮ್ಮ ಮೇಟಗಳ್ಳಿ ಸ್ಕೂಲಿನ ಹೆಡ್‌ಮಾಸ್ಟರು ರುದ್ರಸ್ವಾಮಿ, ಇನ್ಮೇಲೆ ದಿನಾ ಬೆಳಿಗ್ಗೆ ಮಕ್ಕಳನ್ನು ಮನಸ್ಸು ಹೇಗಿದೆ ಅಂತ ಕೇಳಬೇಕೆಂದು ಆರ್ಡರ್ ಹಾಕಿದರು. ಮೊದಲ ದಿನ ನನ್ನ ಕ್ಲಾಸಿಗೆ ಬಂದು, ಬೆತ್ತ ಕಂಕುಳಲ್ಲಿಟ್ಟುಕೊಂಡು ತಾವೇ ಕೇಳಿದರು. ಮಕ್ಕಳೆಲ್ಲ ಮಗ್ಗಿ ಹೇಳುವ ರಾಗದಲ್ಲಿ, "ಸಂತೋಷ ಸಾರ್" ಅಂದರು. ಅಕ್ಷತಾ ಒಬ್ಬಳು, "ಭಯ ಸಾರ್" ಅಂದಳು.

"ಸರಿಯಾಗಿ ಯೋಚನೆ ಮಾಡಿ ಹೇಳಮ್ಮ" ಅಂತ ಅವರು ಬೆತ್ತದಿಂದ ಮೇಜು ಕುಟ್ಟಿದರು. ಹುಡುಗಿ ಪಕ್ಕದವಳ ಕಡೆ ನೋಡಿ, "ಸಂತೋಷ ಸಾರ್" ಅಂತ ಕಾಪಿ ಹೊಡೆದಳು. "ಗುಡ್" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇವತ್ತು ಈ ಮನುಷ್ಯನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರೇ ತಿರುಗಿ, "ನಿಮಗೆ ಹೇಗನ್ನಿಸ್ತಿದೆ ಮೇಡಂ?" ಅಂದರು.

"ಸಂತೋಷ ಸಾರ್" ಅಂದೆ. ನನಗೂ ಒಂದು ಗುಡ್ ಸಿಕ್ಕಿತು.