ಬೋರಲು ಹಾಕಿದ ಕುರ್ಚಿಗಳು

ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಅಂಟುರೋಗ ತಗುಲಿ ಮನೆಗೆ ಹೋದ ಮಗುವಿನ ಕುರ್ಚಿಯನ್ನು ಎತ್ತಿ ಮೇಜಿನ ಮೇಲೆ ಬೋರಲು ಹಾಕಿಬಿಡುತ್ತಿದ್ದರು. ಬೇರೆ ಯಾರೂ ಅಲ್ಲಿ ಕೂರುವಂತಿಲ್ಲ. ಗುಳ್ಳೆಗಳೆಲ್ಲ ಒಣಗಿವೆ ಎಂದು ಶಾಲೆಯ ನರ್ಸಮ್ಮ ಒಪ್ಪಿದ ಮೇಲೆ ಆ ಮಗುವೇ ಬಂದು ಕುರ್ಚಿ ಇಳಿಸಬೇಕು. ಇಳಿಸುವಾಗ ಮಕ್ಕಳ ಜಂಬ ನೋಡಬೇಕಿತ್ತು.

ಮೂರನೇ ತರಗತಿಯಲ್ಲಿ ಈಗ ಮೂವತ್ತೊಂದರಲ್ಲಿ ಇಪ್ಪತ್ತೆರಡು ಕುರ್ಚಿಗಳು ಬೋರಲಾಗಿದ್ದವು. ಎಲ್ಲವೂ ಚಿಕನ್‌ಪಾಕ್ಸ್ ಕೃಪೆ. ಉಳಿದ ಒಂಬತ್ತು ಮಕ್ಕಳಿಗೆ ಅದು ಮೊದಲೇ ಬಂದು ಹೋಗಿತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ಇಳಿದು, ಮೇಲೆದ್ದು ನಿಂತ ಕುರ್ಚಿ ಕಾಲುಗಳ ನಡುವೆ ದಾರಿ ತಪ್ಪಿದವರ ಹಾಗೆ ಅಡ್ಡಾಡುತ್ತಿತ್ತು. ಅದನ್ನೇ ನೋಡುತ್ತಿದ್ದ ಗಡಿಯಾರ ಟೀಚರಿಗೆ, ತಾನು ಎಲೆ ಉದುರಿದ ತೋಪಿನೊಳಗೆ ಪಾಠ ಮಾಡುತ್ತಿದ್ದೇನೆ ಅನ್ನಿಸಿತು.

ಗಡಿಯಾರ ಟೀಚರ್ ಆ ತರಗತಿಯ ಟೀಚರೇ; ದಿನವೂ ತಪ್ಪದೆ ಗಂಟೆಗೆ ಸರಿಯಾಗಿ ಬರುತ್ತಾರೆಂದು ಮಕ್ಕಳು ಇಟ್ಟ ಹೆಸರು ಅದು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ರಜೆ ಹಾಕಿದವರಲ್ಲ. ಮದುವೆಗೂ ಹಾಕಲಿಲ್ಲವೇ ಎಂದು ಕೇಳಿದರೆ, ಭಾನುವಾರ ಆಯಿತು ಎನ್ನುತ್ತಿದ್ದರು. ರಜೆ ಹಾಕದ ಮಕ್ಕಳಿಗೆ ನೀಲಿ ರಿಬ್ಬನ್ ಕೊಡುವ ರೂಢಿ ಅವರದೇ. ತಿಂಗಳ ಹಿಂದೆ, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಕೂತಾಗ ಅವರು ಹಣೆ ಮುಟ್ಟಿ ನೋಡಿದ್ದರು. "ಜ್ವರ ಇದ್ರೂ ಬಂದಿದಾಳೆ ನೋಡಿ. ಇವಳಿಗೊಂದು ಚಪ್ಪಾಳೆ" ಎಂದಿದ್ದರು. ಮರುದಿನ ಗುಬ್ಬಿಯ ಮೈತುಂಬ ಗುಳ್ಳೆ. ಎರಡು ವಾರ ಕಳೆಯುವಷ್ಟರಲ್ಲಿ ಕುರ್ಚಿಗಳು ಒಂದರ ಹಿಂದೆ ಒಂದು ಮೇಜು ಹತ್ತಿದವು. ಗುಬ್ಬಿ ಗುಣವಾಗಿ ಬಂದಾಗ "ನೀನೇ ತಂದಿದ್ದು" ಎಂದು ಮಕ್ಕಳು ಅವಳನ್ನು ದೂರ ಕೂರಿಸಿದರು. ಟೀಚರ್ ಎಲ್ಲ ಕೇಳಿಸಿಕೊಂಡು ಬಾಯಿಗೆ ಬೀಗ ಹಾಕಿಕೊಂಡರು. ಅಷ್ಟು ಒಳ್ಳೆಯ ಹೆಂಗಸಿನ ಮೇಲೆ ಸಿಟ್ಟು ಬರುವುದು ಇಲ್ಲಿಯೇ.

ಈ ಹೊತ್ತು ಹಾಜರಿ ಕರೆಯುವಾಗ ಒಂದು ವಿಚಿತ್ರವಾಯಿತು. ಬೋರಲು ಕುರ್ಚಿಗಳ ಕಡೆಯಿಂದಲೂ "ಬಂದಿದೀನಿ ಟೀಚರ್" ಎಂಬ ದನಿಗಳು ಬಂದವು, ಮೆತ್ತಗೆ, ನೀರಿನಡಿಯಿಂದ ಬಂದ ಹಾಗೆ. ಅವರು ಹೌದೆಂದು ಗುರುತೂ ಹಾಕುತ್ತಾ ಹೋದರು. ಕೋಣೆ ತುಂಬಿತ್ತು, ಯಾರೂ ತಪ್ಪಿಸಿಕೊಂಡಿರಲಿಲ್ಲ, ಅವರ ಮನಸ್ಸು ಹೂವಿನಷ್ಟು ಹಗುರವಾಗಿತ್ತು. ಹಾಜರಿ ಮುಗಿಸಿ ತಲೆ ಎತ್ತಿದರೆ ಒಂಬತ್ತೇ ಮುಖಗಳು. ಕೈಗಡಿಯಾರದ ಪಟ್ಟಿಯ ಕೆಳಗೆ ತುರಿಕೆ. ಪಟ್ಟಿ ಬಿಚ್ಚಿದರು. ಮಣಿಕಟ್ಟಿನ ಮೇಲೆ ನೀರಹನಿಯಂಥ ಒಂದು ಗುಳ್ಳೆ ಇತ್ತು.

ಚಿಕ್ಕಂದಿನಲ್ಲಿ ಅವರಿಗೆ ಅದು ಬಂದಿರಲಿಲ್ಲ. ನಿನ್ನೆಯಿಂದ ತಲೆ ಸಿಡಿಯುತ್ತಿತ್ತು, ಬೆಳಗಿನಿಂದ ಮೈಯೂ ಸುಡುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ವರ್ಷ ಮುಗಿಯಲು ಇನ್ನು ಆರೇ ದಿನ, ರಜೆಯಿಲ್ಲದ ಇಪ್ಪತ್ತು ವರ್ಷ ತುಂಬುತ್ತಿತ್ತು. ಅವರು ಪಟ್ಟಿಯನ್ನು ಮತ್ತೆ ಕಟ್ಟಿ, ಮೇಲೆ ರವಿಕೆಯ ಉದ್ದ ತೋಳನ್ನೂ ಎಳೆದುಕೊಂಡರು.

ಬಿಡುವಿನ ಗಂಟೆ ಹೊಡೆಯಿತು. ಅಂಗಳದ ಆಚೆ ತುದಿಯಿಂದ ಚಿತ್ರಕಲೆ ಟೀಚರ್, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ನಿಧಾನವಾಗಿ ಬರುತ್ತಿದ್ದಳು. ಆರು ತಿಂಗಳ ಬಸುರಿ. ದಿನಾ ಅವಳೂ ಗಡಿಯಾರ ಟೀಚರೂ ಒಂದೇ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದರು, ನಿನ್ನೆಯೂ ಕುಡಿದಿದ್ದರು. ಅವಳಿಗೂ ಚಿಕನ್‌ಪಾಕ್ಸ್ ಬಂದಿರಲಿಲ್ಲ. ನರ್ಸಮ್ಮ ಎಲ್ಲರೆದುರೇ ಎಚ್ಚರಿಸಿದ್ದಳು: "ಇವಳಿಗೆ ಸೋಂಕು ತಾಗಿರಬಹುದು ಅನ್ನಿಸಿದ ತಕ್ಷಣ ಹೇಳಿ, ಡಾಕ್ಟರ ಹತ್ರ ದಾರಿ ಇದೆ. ಬಚ್ಚಿಟ್ರೆ ನನ್ನ ಕೈಲಿ ಏನೂ ಇಲ್ಲ."

ಗುಬ್ಬಿ ಎದ್ದು ಟೀಚರ ಪಕ್ಕಕ್ಕೆ ಬಂದಳು. ಅವರು ಎಳೆದುಕೊಂಡ ತೋಳನ್ನೇ ನೋಡುತ್ತಿದ್ದಳು.

"ಟೀಚರ್, ನಾನೂ ಆವತ್ತು ಹೀಗೇ ತೋಳು ಎಳ್ಕೊಂಡಿದ್ದೆ. ರಿಬ್ಬನ್ ಹೋಗುತ್ತಲ್ಲ ಅಂತ."

ಟೀಚರ್ ನಾಚಿಕೆಯಿಂದ ಭೂಮಿಗಿಳಿದುಹೋದರು. ಎರಡು ಹೆಜ್ಜೆಯಲ್ಲಿ ಬಾಗಿಲು ಮುಟ್ಟಿ, ಒಳಗಿನಿಂದ ಚಿಲಕ ಹಾಕಿದರು. ಕಿಟಕಿಯನ್ನೂ ಮುಚ್ಚಿದರು.

"ಅಕ್ಕ, ಬನ್ನಿ, ಚಹಾ ಆರ್ತಿದೆ" ಎಂದಿತು ಹೊರಗಿನ ದನಿ.

"ಅಲ್ಲೇ ನಿಲ್ಲು. ನನಗೆ ಬಂದಿದೆ. ನಿನ್ನೆನೇ ತಲೆನೋವಿತ್ತು, ನಾನು ಹೇಳ್ಲಿಲ್ಲ. ನನ್ನ ಪಕ್ಕ ಕೂತಿದ್ದೆ ನೀನು. ನರ್ಸಮ್ಮನಿಗೆ ಹೇಳಿ ಈಗಲೇ ಡಾಕ್ಟರ ಹತ್ರ ಹೋಗು. ಆಮೇಲೆ ನನ್ನನ್ನ ಬೈಯಿ."

ಹೊರಗೆ ಬೇಗ ಬೇಗ ದೂರವಾಗುವ ಹೆಜ್ಜೆಗಳು ಕೇಳಿದವು. ಅವಳು ಬೈಯಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ.

ಟೀಚರ್ ಮಕ್ಕಳ ಕಡೆ ತಿರುಗಿದರು. ಕೋಣೆ ಮೆಲ್ಲಗೆ ತೂಗುತ್ತಿತ್ತು. "ರೋಗ ತಂದಿದ್ದು ಗುಬ್ಬಿ ಅಲ್ಲ ಮಕ್ಕಳೇ. ಅವಳಿಗೆ ಜ್ವರ ಅಂತ ಗೊತ್ತಿದ್ದೂ ನಿಮ್ಮ ಕೈಲಿ ಚಪ್ಪಾಳೆ ಹೊಡೆಸಿದ್ದು ನಾನು. ರಿಬ್ಬನ್ ಇನ್ನು ಇಲ್ಲ."

ನರ್ಸಮ್ಮ ಬಂದು ಬಾಗಿಲು ತಟ್ಟಿದಳು. ಟೀಚರ್ ಚಿಲಕ ತೆಗೆಯುವಾಗ ಹಿಂದೆ ಏನೋ ಎಳೆದ ಸದ್ದಾಯಿತು. ಗುಬ್ಬಿ ಟೀಚರ ದೊಡ್ಡ ಕುರ್ಚಿಯನ್ನು ಎತ್ತಲು ಹೆಣಗುತ್ತಿದ್ದಳು. ಒಬ್ಬಳ ಕೈಲಾಗುವ ಕೆಲಸವಲ್ಲ. ಅವಳನ್ನು ದೂರ ಕೂರಿಸಿದ್ದ ಎಂಟೂ ಮಕ್ಕಳು ಎದ್ದು ಬಂದು, ಕೈಗೆ ಸಿಕ್ಕ ಕಡೆ ಹಿಡಿದು, ಅವಳ ಜೊತೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಇಳಿಸೋಕೆ ನೀವೇ ಬರಬೇಕು ಟೀಚರ್" ಎಂದಳು ಗುಬ್ಬಿ.