ಬೇವಿನ ಸಾಲಿನ ಅನ್ನದಾನಯ್ಯ

"ನಿಲ್ಲಸು ಮನೋಜ! ಒಂದ ತುಂಡೂ ಇಳಸಬ್ಯಾಡ!"

ತೀರಿಕೊಂಡ ಗಂಡ ಅನ್ನದಾನಯ್ಯನವರ ಹಣೆಗೆ ವಿಭೂತಿ ಹಚ್ಚುತ್ತಿದ್ದ ತಾರಾದೇವಿ ಬಿಳಿ ಕೈಯಲ್ಲೇ ಬಾಗಿಲಿಗೆ ಬಂದರು. ಕೂಗಿದ್ದು ಕನ್ನಡದಲ್ಲಿ. ಕಾಲೊನಿಯ ಗೇಟಿನ ಬಳಿ ಕಿರಾಣಿ ಅಂಗಡಿ ಇಟ್ಟಿದ್ದ ಮನೋಜ್‌ಗೆ ಕನ್ನಡ ಬಾರದು, ಆದರೆ ದನಿ ತಿಳಿಯಿತು. ಸೈಕಲ್ ಗಾಡಿಯಿಂದ ಎತ್ತಿದ್ದ ಸೌದೆಯನ್ನು ಹಾಗೇ ಎದೆಗೆ ಅವಚಿಕೊಂಡು ನಿಂತ.

"ಮಣಿಕರ್ಣಿಕಾದಲ್ಲಿ ಹಸಿ ಸೌದೆ ತಲೆಗೆ ಕಟ್ತಾರೆ ಅಮ್ಮಾಜೀ," ಎಂದ ಹಿಂದಿಯಲ್ಲಿ. "ಇದು ಚೆನ್ನಾಗಿ ಒಣಗಿದೆ. ಚಾಚಾಜಿಗೆ ಇಷ್ಟಾದರೂ ಮಾಡಬೇಡವೇ?"

ಮಗಳು ವಚನಾ ಮುಂದೆ ಬಂದು ಅವನಿಗೆ ತಿಳಿಸಿ ಹೇಳಿದಳು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತೇವೆ, ಘಾಟಿಗೆ ಒಯ್ಯುವುದಿಲ್ಲ ಎಂದಳು. ಮನೋಜ್ ಬಾಯಿ ಬಿಟ್ಟುಕೊಂಡು ಕೇಳಿದ. ಕಾಶಿಯಲ್ಲೇ ಸತ್ತು ಮಣಿಕರ್ಣಿಕೆ ಬೇಡ ಅನ್ನುವ ಜನರನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ತಾರಾದೇವಿಯ ಕಣ್ಣು ಸೌದೆಯ ಮೇಲಿತ್ತು. ದಪ್ಪನೆಯ ತುಂಡೊಂದರ ಮೇಲೆ ಸುಣ್ಣದ ಪಟ್ಟಿ, ಅದರ ಕೆಳಗೆ ಕೆಮ್ಮಣ್ಣಿನ ಗೆರೆ. ಗೆದ್ದಲು ಹತ್ತದಿರಲೆಂದು ಪ್ರತಿ ದೀಪಾವಳಿಗೆ ಅನ್ನದಾನಯ್ಯ ಕುಕ್ಕರುಗಾಲಲ್ಲಿ ಕೂತು ಬಳಿಯುತ್ತಿದ್ದ ಪಟ್ಟಿ ಅದು. ಹೋದ ಅಕ್ಟೋಬರಿನಲ್ಲಿ ಕಡಿದ ಹತ್ತೊಂಬತ್ತು ಬೇವುಗಳನ್ನು ಗೇಟಿನ ಹಿಂದೆ ಒಟ್ಟಿದ್ದರು. ಪಾಪದ ಮನೋಜ್ ಅದರಿಂದಲೇ ಆರಿಸಿ ತಂದಿದ್ದ.

"ಇವು ನಮ್ಮ ಗಿಡದವು, ವಚನಾ," ಎಂದರು. ಹಿಂದಿನ ಸಂಜೆಯಿಂದ ಬಾರದಿದ್ದ ಅಳು ಆಗ ಬಂತು.

* * *

ಗದಗಿನ ಅನ್ನದಾನಯ್ಯ ಕಾಶಿಗೆ ಬಂದದ್ದು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಕೆಲಸಕ್ಕೆ. ಒಣಗಿದ ಎಲೆಗಳನ್ನು ಹಾಳೆಗೆ ಅಂಟಿಸಿ, ಹೆಸರು ಬರೆದು ಬೀರುವಿನಲ್ಲಿಡಬೇಕು, ಅಷ್ಟೆ. "ಹಗಲೆಲ್ಲಾ ಸತ್ತ ಎಲಿ ನೋಡತೀನಿ. ಸಂಜಿಗೆ ಒಂದೀಟು ಜೀವ ಇದ್ದದ್ದು ನೋಡಬೇಕಲ್ಲ?" ಎನ್ನುತ್ತ ಬೋಳು ಕಾಲೊನಿಯ ರಸ್ತೆಯ ಎರಡೂ ಬದಿಗೆ ಐವತ್ತು ಬೇವು ನೆಟ್ಟರು. ಮನೆಗೆರಡು ಗಿಡ ಹಂಚಿ, ಬಟ್ಟೆ ಜಾಲಿಸಿದ ನೀರನ್ನು ಚರಂಡಿಗೆ ಚೆಲ್ಲಿದವರ ಬಾಗಿಲು ತಟ್ಟಿ ಜಗಳ ಕಾದರು. ಹೆಂಗಸರು ಅವರನ್ನು ಕಂಡರೆ ಬಕೆಟ್ ಮುಚ್ಚಿಡುತ್ತಿದ್ದರು.

ಹೆಚ್ಚು ಮಾತಿನ ಮನುಷ್ಯ ಅಲ್ಲ. ಎರಡು ವರ್ಷದ ಹಿಂದೆ ರಸ್ತೆ ಅಗಲಿಸಬೇಕೆಂದು ಕಾಲೊನಿ ಸಂಘ ಸಭೆ ಸೇರಿದಾಗ ಎದ್ದು ನಿಂತು, ಕಾರುಗಳು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲಿ, ಗಿಡ ಉಳಿಯುತ್ತವೆ ಎಂದರು. ಸಂಘದ ಅಧ್ಯಕ್ಷ ಗೋಪಿನಾಥ ಅವರ ಇಪ್ಪತ್ತೈದು ವರ್ಷದ ಗೆಳೆಯ. ಮೈಸೂರಿನವರು, ನಿವೃತ್ತ ಪ್ರೊಫೆಸರರು.

"ನಿಮಗೇನ್ರೀ, ನಿಮ್ಮ ಹತ್ರ ಕಾರಿಲ್ಲ," ಎಂದುಬಿಟ್ಟರು ಗೋಪಿನಾಥ.

ಸಭೆ ಗೊಳ್ಳೆಂದು ನಕ್ಕಿತು. ಅನ್ನದಾನಯ್ಯ ಕೂತರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

* * *

ಈಗ ಅದೇ ಗೋಪಿನಾಥ ಅಂಗಳದ ಮೂಲೆಯ ಕುರ್ಚಿಯಲ್ಲಿ, ಯಾರ ಮುಖವನ್ನೂ ನೋಡದೆ ಕೂತಿದ್ದರು. ಉಳಿದ ಮೂವತ್ತೊಂದು ಮರ ಕಡಿಯುವವರು ಸೋಮವಾರ ಬರುವವರಿದ್ದರು. ಅಪ್ಪಣೆ ಪತ್ರಕ್ಕೆ ಸಹಿ ಹಾಕಿದವರು ಇವರೇ. ಅನ್ನದಾನಯ್ಯ ಶುಕ್ರವಾರ ಸಂಜೆ ಆ ಮರಗಳಡಿ ಒಂದು ಸುತ್ತು ಅಡ್ಡಾಡಿ ಬಂದು, ಪಡಸಾಲೆಯಲ್ಲಿ ಕೂತವರು ಮತ್ತೆ ಏಳಲಿಲ್ಲ.

"ಅತ್ತಿಗೆ," ಗೋಪಿನಾಥ ಎದ್ದು ಬಂದರು. "ಜೂನ್ ತಿಂಗಳ ಬಿಸಿಲು. ವ್ಯಾನಿಗೆ ಹೇಳಿದ್ದೀನಿ. ಮೇನ್ ರೋಡಿನ ಮೇಲೆ ಹತ್ತು ನಿಮಿಷ ಸಾಕು."

ತಾರಾದೇವಿ ಸೆರಗಿನಿಂದ ಮುಖ ಒರೆಸಿಕೊಂಡರು. ಜಂಗಮವಾಡಿ ಮಠದಿಂದ ಬಂದಿದ್ದ ಈಶಯ್ಯಸ್ವಾಮಿಗಳ ಕಡೆ ತಿರುಗಿ, "ಅಜ್ಜಾರ, ನಮ್ಮವರು ವಿಮಾನದಾಗ ಕುಂತು, ಹೆಗಲ ಮ್ಯಾಲ ಹೋಗಬೇಕು ಹೌದಲ್ರಿ? ಹೊರೋರು ಬರಿಗಾಲಿಲೆ?" ಎಂದು ಕೇಳಿದರು.

"ಪದ್ಧತಿ ಅದ ತಾಯಿ. ಆದರ ದೂರ ಇದ್ದರ ಗಾಡಿ ಆದೀತು."

"ದೂರ ಇಲ್ರಿ. ಬೇವಿನ ಸಾಲು ದಾಟಿದರ ರುದ್ರಭೂಮಿ." ಆಮೇಲೆ ಗೋಪಿನಾಥರನ್ನು ನೇರ ನೋಡಿ, "ನೀವೂ ಹೆಗಲು ಕೊಡ್ರಿ. ಅವರಿಗೆ ಕಾಶಿಯೊಳಗ ಅಣ್ಣತಮ್ಮ ಅಂತ ಇದ್ದವರು ನೀವೊಬ್ಬರ," ಎಂದರು.

ಹೆಣವನ್ನು ಮುಂದಿಟ್ಟುಕೊಂಡು ವಾದ ಹೂಡುತ್ತಿದ್ದೇನೆಂದು ತಾರಾದೇವಿಗೆ ನಾಚಿಕೆಯಾಯಿತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಎರಡು ವರ್ಷ ಗಂಡ ಬರೆದ ಅರ್ಜಿಗಳನ್ನು ಯಾರೂ ಓದಿರಲಿಲ್ಲ. ಸೋಮವಾರಕ್ಕೆ ಇನ್ನೊಂದೇ ದಿನ ಉಳಿದಿತ್ತು.

ಗೋಪಿನಾಥ ಬೂಟು ಕಳಚಿದರು.

ಬಿದಿರಿನ ಮಂಟಪದಂಥ ವಿಮಾನ ಹೆಗಲಿಗೆ ಎದ್ದಾಗ ಮಧ್ಯಾಹ್ನ ಒಂದು ಗಂಟೆ. ಹೂವಿನ ನಡುವೆ ಕೂತ ಅನ್ನದಾನಯ್ಯ ಎಂದಿನಂತೆ ತುಸು ಮುಂದಕ್ಕೆ ಬಾಗಿದ್ದರು. ಹೊರುವವರಿಗೆ ಮೊದಲ ಮೂವತ್ತೊಂದು ಬೇವಿನಡಿ ಯಾವ ಕಷ್ಟವೂ ಆಗಲಿಲ್ಲ. ಮಾಗಿದ ಹಣ್ಣು ಕಾಲಡಿ ಪಿಚಕ್ಕೆನ್ನುತ್ತಿದ್ದವು. ಯಾರೋ ಸಣ್ಣಗೆ ಮಾತಾಡಿಕೊಂಡರು ಕೂಡ.

ತಿರುವಿನಲ್ಲಿ ನೆರಳು ಮುಗಿಯಿತು.

ಟಾರು ರೊಟ್ಟಿ ಹೆಂಚಿನಂತೆ ಕಾದಿತ್ತು. ಮುಂದಿನ ಎಡಹೆಗಲು ಕೊಟ್ಟಿದ್ದ ಗೋಪಿನಾಥ ಹಾ ಎಂದು ಪಾದ ಎತ್ತಿದರು. ಇನ್ನೊಂದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಹೊರುವವರೆಲ್ಲ ಓಡುನಡಿಗೆಗೆ ಬಿದ್ದರು. ವಿಮಾನ ವಾಲಿತು.

"ಸಾವಕಾಶ! ಅಯ್ಯಾರು ಬಿದ್ದಗಿದ್ದಾರು!" ಸ್ವಾಮಿಗಳು ಕೂಗಿದರು.

"ಸರ್, ನನಗೆ ಕೊಡಿ," ಮನೋಜ್ ಹೆಗಲೊಡ್ಡಿದ.

"ಬೇಡ," ಎಂದರು ಗೋಪಿನಾಥ. ಅವರ ಕನ್ನಡಕ ಬೆವರಿಗೆ ಜಾರಿ ಮೂಗಿನ ತುದಿಗೆ ಬಂದಿತ್ತು. ಹಲ್ಲು ಕಚ್ಚಿ, ಹೆಜ್ಜೆ ನಿಧಾನಿಸಿ, ಗೆಳೆಯನನ್ನು ನೆಟ್ಟಗೆ ಹಿಡಿದು ನಡೆದರು. ಹಿಂದೆ ಬರುತ್ತಿದ್ದ ತಾರಾದೇವಿಯ ನಾಲಿಗೆಯ ತುದಿಗೆ, ಗೋಪಿನಾಥರಿಗೆ ಚಪ್ಪಲಿ ಹಾಕಿಕೊಳ್ಳಿ ಅನ್ನುವ ಮಾತು ಬಂದಿತ್ತು. ಅನ್ನಲಿಲ್ಲ. ಕಣ್ಣೀರು ಮಾತ್ರ ಸುರಿಯುತ್ತಿತ್ತು, ಯಾರಿಗಾಗಿ ಎಂದು ಅವರಿಗೇ ಗೊತ್ತಾಗಲಿಲ್ಲ.

ಮಣ್ಣು ಮುಗಿಸಿ ಹೊರಬಂದಾಗ ಗೋಪಿನಾಥರ ಕಾರು ಕಾದಿತ್ತು. ಅವರು ಡ್ರೈವರನಿಗೆ ಹೋಗೆಂದು ಕೈ ಮಾಡಿದರು.

"ಈ ರಸ್ತೇಲಿ ನಡೆದು ಎಷ್ಟು ವರ್ಷ ಆಗಿತ್ತೋ, ಅತ್ತಿಗೆ," ಎಂದರು ಕುಂಟುತ್ತ. "ಅವತ್ತು ಅವರಿಗೆ ಹಾಗನ್ನಬಾರದಿತ್ತು. ಸೋಮವಾರ ಯಾರೂ ಬರಲ್ಲ, ಈಗಲೇ ಫೋನ್ ಮಾಡ್ತೀನಿ. ಸಂಘದವರು ನನ್ನ ಸುಮ್ಮನೆ ಬಿಡಲ್ಲ."

"ಅವರನ್ನೂ ಒಮ್ಮೆ ನಡಸ್ರಿ," ಎಂದರು ತಾರಾದೇವಿ.

ಬೋಳು ಭಾಗಕ್ಕೆ ಬಂದಾಗ ಗೋಪಿನಾಥ ನಿಂತರು. ಬುಡ ಕಿತ್ತು ಎರಡೂ ಬದಿಗೆ ಜಲ್ಲಿ ಹಾಸಿದ್ದರಿಂದ ಒಂದು ಗುರುತೂ ಉಳಿದಿರಲಿಲ್ಲ. "ಮಳೆ ಬಿದ್ದ ಕೂಡಲೇ ನೆಡಬೇಕು. ಎಲ್ಲೆಲ್ಲಿದ್ದವು?"

ತಾರಾದೇವಿ ತಿರುವಿನವರೆಗೆ ನಡೆದು, ಉಳಿದ ಕೊನೆಯ ಬೇವಿಗೆ ಬೆನ್ನು ಹಚ್ಚಿ, ರಸ್ತೆಯ ಅಂಚಿಗುಂಟ ಹನ್ನೆರಡು ಹೆಜ್ಜೆ ಎಣಿಸಿದರು. "ಇಲ್ಲಿ." ಗುರುತಿಗೆ ಇಡಲು ಏನೂ ಸಿಗಲಿಲ್ಲ. ಮನೋಜ್ ಹೋಗಿ ಅಲ್ಲಿ ನಿಂತ. ಮತ್ತೆ ಹನ್ನೆರಡು, ಅಲ್ಲಿ ವಚನಾ. ಮುಂದೆ ಸ್ವಾಮಿಗಳು, ಗುಂಡಿ ತೋಡಿದವರು, ವಿಮಾನ ಹೊತ್ತವರು. ರಸ್ತೆಯ ಎರಡೂ ಬದಿಗೆ ಜನ ಒಬ್ಬೊಬ್ಬರಾಗಿ ನಿಲ್ಲುತ್ತ ಹೋದರು. ಒಂದು ಜಾಗಕ್ಕೆ ಆಳು ಸಾಲದೆ ಹೋದಾಗ ದಾರಿಯಲ್ಲಿದ್ದ ರಿಕ್ಷಾದವನೂ ಇಳಿದು ನಿಂತ.

ಹತ್ತೊಂಬತ್ತನೆಯ ಜಾಗದಲ್ಲಿ ಗೋಪಿನಾಥ ನಿಂತರು. ಬಿಸಿಲಲ್ಲಿ, ಬರಿಗಾಲಲ್ಲಿ, ಕಾದ ಜಲ್ಲಿಯ ಮೇಲೆ, ಯಾರಾದರೂ ಇಟ್ಟಿಗೆ ತಂದು ಗುರುತು ಇಡುವವರೆಗೆ.